ಆಕ್ಸಿಲರೇಟರ್ ಬಿಡದ ಮಾಣಿಕಬಾಯಿ

ಮಾಣಿಕಬಾಯಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತವೆ. ಇಚಲಕರಂಜಿಯ ಶಹಾಪುರದಲ್ಲಿ ಆಕೆಯ ಓಣಿಯವರಿಗೆಲ್ಲ ಇದು ಗೊತ್ತು. ಹಾಲಿನವನು ಕೂಡ ಆಕೆಯ ಕಿವಿ ನೋಡಿಕೊಂಡೇ ಮಾತು ತೆಗೆಯುತ್ತಾನೆ. ಆದರೆ ಆ ದಿನ ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯ ಹಿಂದಿನ ಗ್ಯಾರೇಜಿನಲ್ಲಿ ನಿಂತಾಗ ಕಿವಿ ಕೆಂಪಾಗಲಿಲ್ಲ. ಸಿಟ್ಟು ಮೇಲೇರದೆ ಒಳಗೇ ಉಳಿಯಿತು.

ಎದುರಿಗೆ ಆಕೆಯ ಬಿಳಿ ವ್ಯಾನು ಮುಂದಿನ ಸೀಟನ್ನು ಎತ್ತಿಕೊಂಡು ನಿಂತಿತ್ತು. ಆ ಗಾಡಿಗೆ ಎಂಜಿನ್ ಇರುವುದೇ ಸೀಟಿನ ಕೆಳಗೆ. ಮಿಸ್ತ್ರಿ ಹಾಲಸಿದ್ದ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ಬ್ಯಾಟರಿ ದೀಪ ಹಿಡಿದು ಒಳಗೆ ಇಣುಕಿದವನು ಸೀನಿದ. ಇನ್ನೊಮ್ಮೆ ಇಣುಕಿ ಇನ್ನೊಮ್ಮೆ ಸೀನಿದ. ಹಿಂದುಗಡೆ ಆಗಷ್ಟೇ ತುಂಬಿದ್ದ ಸಂಕೇಶ್ವರಿ ಮೆಣಸಿನಕಾಯಿಯ ಚೀಲಗಳಿದ್ದವು.

"ಅಕ್ಕಾರ, ಈ ಗಾಡ್ಯಾಗ ಕುಂತವರು ಹೆಂಗ ಜೀಂವ ಹಿಡಕೊಂಡಿರ್ತಾರ್ರಿ?"

"ನಾನೊಬ್ಬಾಕಿನ ಕುಂದ್ರತೇನಿ. ನಂಗ ಸೀನು ಬರೂದಿಲ್ಲ. ಗಾಡಿಗೆ ಏನಾಗೇತಿ ಅದನ್ನ ಹೇಳು."

ಹಾಲಸಿದ್ದ ಒಂದು ಮೊಳ ಉದ್ದದ ಉಕ್ಕಿನ ಸರಳನ್ನು ಬೆರಳಿಂದ ತೋರಿಸಿದ. ಅದೇ ಕ್ಯಾಮ್ ಶಾಫ್ಟ್. ಅದರ ಮೈಮೇಲೆ ಅಲ್ಲಲ್ಲಿ ಉಬ್ಬುಗಳಿರುತ್ತವೆ. ಸರಳು ತಿರುಗಿದಂತೆ ಆ ಉಬ್ಬುಗಳು ರಾಕರ್ ಎಂಬ ಸಣ್ಣ ತೋಳುಗಳನ್ನು ಎತ್ತಿ ಇಳಿಸುತ್ತವೆ, ತೋಳುಗಳು ವಾಲ್ವುಗಳನ್ನು ತೆರೆಯುತ್ತವೆ. ಎಂಜಿನ್ನು ಉಸಿರಾಡುವುದೇ ಹಾಗೆ. ಮಾಣಿಕಬಾಯಿಯ ಕ್ಯಾಮಿನಲ್ಲಿ ಒಂದು ಉಬ್ಬು ತಿಂದುಹೋಗಿ ಚಪ್ಪಟೆಯಾಗಿತ್ತು. ಪಕ್ಕದ್ದರ ಮೇಲೆ ಬೆಕ್ಕು ಪರಚಿದ ಹಾಗೆ ಗೀರುಗಳಿದ್ದವು.

"ಎಂದ ಹಾಕ್ಸಿದ್ರಿ ಇದನ್ನ?"

"ಖಂಡೇನವಮಿಗೆ."

"ಮತ್ತ ಇನ್ನಾ ಸಂಕ್ರಾಂತಿ ಸೈತ ಬಂದಿಲ್ಲಲ್ರಿ! ಹೊಸಾದು ಹಾಕಿ ಮೊದಲನೇ ಸಲಾ ಚಾಲೂ ಮಾಡಿದಾಗ ಸ್ಲೋದಾಗ ಬಿಟ್ಟಿದ್ರೇನು?"

"ಬಿಟ್ರ ಏನಾಕ್ಕೈತಿ?"

ಹಾಲಸಿದ್ದನಿಗೆ ಮಾತಾಡಲು ಇಷ್ಟೇ ಸಾಕಿತ್ತು. ಅವನು ಕೆಲಸಕ್ಕಿಂತ ಮಾತಿನಲ್ಲಿ ಗಟ್ಟಿಗ. ಸ್ಪ್ಯಾನರ್ ಕೆಳಗಿಟ್ಟು, ಬೀಡಿ ಹಚ್ಚಿ, ಸ್ಟೂಲಿನ ಮೇಲೆ ಕುಳಿತೇಬಿಟ್ಟ. "ಹೊಸಾ ಕ್ಯಾಮಿಗೂ ಅದರ ಮ್ಯಾಲ ತಿಕ್ಕೂ ರಾಕರಿಗೂ ಇನ್ನಾ ಗುರತು ಪರಿಚಯ ಇರೂದಿಲ್ರಿ. ಒಂದಕ್ಕೊಂದು ತಿಕ್ಕಿ ನುಣ್ಣಗ ಆಗಬೇಕು. ಅದಕ್ಕ ಚಾಲೂ ಆದ ಕೂಡ್ಲೆ ರೇಸ್ ಕೊಡಬೇಕು. ಇಪ್ಪತ್ತ ಮಿನಿಟು ಇಳಿಸಬಾರ್ದು. ಜೋರ ತಿರಗಿದ್ರ ಎಣ್ಣಿ ಮ್ಯಾಲ ಬಂದು ಮೈತುಂಬ ಚಿಮ್ಮತೈತಿ. ಸ್ಲೋದಾಗ ಬಿಟ್ರ ಎಣ್ಣಿ ಮುಟ್ಟೂದಿಲ್ಲ, ಒಣಾ ಒಣಾ ಉಜ್ಜತೈತಿ. ಮೊದಲ ದಿನಾ ಆದ ಗಾಯ ಮಾಯೂದಿಲ್ರಿ. ದಿನಾ ಒಂದೀಟು ತಿನಕೋತ ಹೊಕ್ಕೈತಿ. ನಾ ಹಾಕಿದ್ದು ಒಂದರೆ ವಾಪಸ್ ಬಂದೈತೇನು ಕೇಳ್ರಿ, ಆಜರಾ ತನಾ ಕೇಳ್ರಿ ಬೇಕಾದ್ರ!"

"ಗಾಡಿ ಹೊಡ್ಯಾವ್ರಿಗೆ ಬರೂದಿಲ್ಲಂದ್ರ ಹಿಂಗ ಆಕ್ಕೈತೇನು?"

"ಯಾಂವ ಶ್ಯಾಣ್ಯಾ ಹೇಳಿದ ನಿಮಗ? ಹೊಡ್ಯಾವ್ರಿಗೂ ಇದಕ್ಕೂ ಏನ ಸಂಬಂಧ?"

ಆಗಲೇ ಆಕೆಗೆ ಆ ಸಿಟ್ಟು ಬಂದದ್ದು. ಹೇಳಿದ ಶ್ಯಾಣ್ಯಾ ಯಾರೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮೈದುನ ಕುಂಥುನಾಥ.

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಆ ಬೆಳಗು ಮಾಣಿಕಬಾಯಿಗೆ ಈಗ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಳೆಯ ಕ್ಯಾಮ್ ವಯಸ್ಸಾಗಿ ಸವೆದಿತ್ತು, ಹೊಸದು ಹಾಕಿಸಿದ್ದಾಗಿತ್ತು. ಓಣಿಯ ಮಂದಿ ಮಗ್ಗದ ಮಂದಿ. ಮನೆಗೊಂದು ಶೆಡ್ಡು, ಶೆಡ್ಡಿಗೆ ಆರೆಂಟು ಪಾವರ್‌ಲೂಮು. ಹೊಸ ಮಗ್ಗ ಕೂಡಿಸಿದಾಗ ಅದನ್ನು ಮೊದಲ ದಿನ ಓಡಿಸುವುದಿಲ್ಲ. ಅರಿಶಿನ ಕುಂಕುಮ ಹಚ್ಚಿ, ಹಿರಿಯರೊಬ್ಬರು ಗಾಲಿಗೆ ಕೈ ಹಚ್ಚಿ ನಿಧಾನಕ್ಕೆ ನಾಲ್ಕು ಎಳೆ ನೇಯಿಸಿ, ಆರತಿ ಎತ್ತಿ, ಆಮೇಲೆ ಕರೆಂಟು ಕೊಡುತ್ತಾರೆ. ಆ ಓಣಿಯಲ್ಲಿ ಹಿರಿಯರೆಂದರೆ ತಾತ್ಯಾಸಾಹೇಬರು. ಎಂಬತ್ತು ದಾಟಿದ ಮನುಷ್ಯ, ಗರಿ ಗರಿ ಧೋತರ, ನೂಲಿಗೆ ಗಂಜಿ ಹಾಕುವ ದೊಡ್ಡ ಸೈಜಿಂಗಿನ ಮಾಲಕರು. ಅವರ ಕೈ ಹತ್ತದೆ ಶಹಾಪುರದ ಆ ಮೂಲೆಯಲ್ಲಿ ಒಂದು ಮಶಿನ್ನೂ ತಿರುಗಿದ್ದಿಲ್ಲ.

ಕುಂಥುನಾಥ ಮಗ್ಗಕ್ಕೆ ಮಾಡಿದ್ದನ್ನೇ ಎಂಜಿನ್ನಿಗೂ ಮಾಡಿಸಿದ. ಮುಹೂರ್ತ ಮೀರಬಾರದೆಂದು ಗಾಡಿ ಚಾಲೂ ಮಾಡಿಸಿಟ್ಟ. ತಾತ್ಯಾಸಾಹೇಬರು ಮನೆಯಲ್ಲಿ ಇನ್ನೂ ಚಹಾ ಕುಡಿಯುತ್ತಿದ್ದರು. ಅವರು ಬರುವ ತನಕ ವ್ಯಾನು ಸಣ್ಣಗೆ ಗುರುಗುಟ್ಟುತ್ತ ನಿಂತಿತು. ಬಂದರು, ಚಪ್ಪಲಿ ಬಿಟ್ಟರು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಿಸಿದರು, ಒಂದು ನಿಂಬೆಹಣ್ಣು ಉರುಳಿ ಗಟಾರಕ್ಕೆ ಬಿತ್ತು, ಇನ್ನೊಂದು ತರಲು ಯಾರೋ ಅಂಗಡಿಗೆ ಹೋದರು. ಆರತಿ ಆಯಿತು, ತೆಂಗಿನಕಾಯಿ ಆಯಿತು, ಫೋಟೋ ಆಯಿತು. ಹೊಸ ಕ್ಯಾಮ್ ಹಾಕಿದ್ದ ಓಣಿಯ ಮಿಸ್ತ್ರಿ ದತ್ತಾ ಒಮ್ಮೆ ಆಕ್ಸಿಲರೇಟರಿಗೆ ಕೈ ಹಾಕಿದ್ದ. "ಸಾವಕಾಶ ಮಾಡಲೇ ದತ್ತಾ. ಹೊಸಾ ಸೊಸಿನ್ನ ಮೊದಲನೇ ದಿನಾ ಓಡಸ್ತಾರೇನು?" ಎಂದು ಕುಂಥುನಾಥ ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ದತ್ತಾ ಕೈ ಹಿಂದಕ್ಕೆ ತೆಗೆದಿದ್ದ.

ಕೆಲವು ವಾರಕ್ಕೆ ಟಕಟಕ ಶಬ್ದ ಶುರುವಾಯಿತು. ಗಾಡಿ ಏರು ಹತ್ತಲಿಲ್ಲ. ಆಗಲೇ ಓಣಿ ತುಂಬ ಮಾತು ಹಬ್ಬಿದ್ದು: ಹೆಂಗಸು ಗಾಡಿ ಹೊಡೆದರೆ ಹೀಗೇ, ಗೇರು ತಿಳಿಯುವುದಿಲ್ಲ, ಎಂಜಿನ್ನಿನ ಎದೆ ಒಡೆಯುತ್ತಾಳೆ. ಮಾಣಿಕಬಾಯಿ ಅದನ್ನು ಅರ್ಧ ನಂಬಿಯೂ ಬಿಟ್ಟಿದ್ದಳು. ಗಡಹಿಂಗ್ಲಜದ ದಾರಿಯ ತವಂದಿ ಘಾಟಿನಲ್ಲಿ ತಾನೇ ಏನಾದರೂ ತಪ್ಪು ಮಾಡಿರಬೇಕು ಅಂದುಕೊಂಡು, ಗೇರು ಹಾಕುವಾಗಲೆಲ್ಲ ಕಳ್ಳಿಯಂತೆ ಹೆದರುತ್ತಿದ್ದಳು. ತಾನು ಹಾಗೆ ಹೆದರಿದ್ದು ನೆನಪಾಗಿ ಆಕೆಗೆ ಈಗ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು.

ಗ್ಯಾರೇಜಿನಿಂದಲೇ ಮೈದುನನಿಗೆ ಫೋನ್ ಹಚ್ಚಿದಳು. ಗಾಡಿ ನಿಂತಿದೆ ಎಂದಷ್ಟೇ ಹೇಳಿದಳು.

"ಮತ್ತ ಕೆಡಿಸಿದ್ರ್ಯಾ ವೈನಿ?" ಎಂದ ಕುಂಥುನಾಥ. "ನಾ ಹೇಳಿದ್ನಿಲ್ಲೋ? ಸಾಕಿನ್ನ. ಅಲ್ಲೇ ಗುಜರಿಗೆ ಕೊಟ್ಟು ಬಸ್ಸಿಗೆ ಬರ್ರಿ. ಶೆಡ್ಡಿನ್ಯಾಗ ಕಾಂಡಿ ಮಶಿನ್ ಖಾಲಿ ಬಿದ್ದೈತಿ. ನೆರಳಾಗ ಕುಂತು ಮಾಡೂ ಕೆಲಸ."

ಕಾಂಡಿ ಮಶಿನ್ನೆಂದರೆ ಮಗ್ಗದ ಲಾಳಿಗೆ ನೂಲು ಸುತ್ತುವ ಯಂತ್ರ. ಓಣಿಯ ಹೆಂಗಸರು ಅದರ ಮುಂದೆ ಕುಳಿತೇ ಮುದುಕಿಯರಾಗುತ್ತಾರೆ.

"ಗಾಡಿ ಊರಿಗೆ ಬರತೈತಿ. ಎಲ್ಲಿ ಕೆಟ್ಟಿತ್ತೋ ಅಲ್ಲೇ ರಿಪೇರಿ ಆಕ್ಕೈತಿ," ಎಂದಳು ಮಾಣಿಕಬಾಯಿ.

"ಹಂಗಾರ ಇದ ಕಡೀದು ನೋಡ್ರಿ. ಗಾಡಿ ನನ್ನ ಹೆಸರಿಲೆ ಐತಿ. ಈ ಸಲಾ ಕೆಟ್ರ ನಾನ ಎಳಸಿಕೊಂಡು ಹೋಗಿ ಮಾರತೇನಿ."

"ಆತು," ಎಂದು ಫೋನ್ ಇಟ್ಟಳು.

ಸಿಕ್ಕ ಕೆಲಸ ಕೈಬಿಟ್ಟು ಹೋಯಿತೆಂದು ಹಾಲಸಿದ್ದನ ಮುಖ ಸಪ್ಪಗಾಯಿತು. ಆದರೂ ಮೆಣಸಿನಕಾಯಿ ಚೀಲಗಳನ್ನು ಪೇಟೆಯಲ್ಲೇ ಇಳಿಸಿಟ್ಟು, ಇಚಲಕರಂಜಿಯ ವ್ಯಾಪಾರಿಯೊಬ್ಬರ ಪಿಕಪ್ಪಿಗೆ ಹಗ್ಗ ಕಟ್ಟಿಸಿಕೊಟ್ಟ. "ಕ್ಯಾಮ್ ಒಂದನ್ನ ತರಬ್ಯಾಡ್ರಿ, ರಾಕರೂ ತರ್ರಿ. ಹಳೇ ರಾಕರ್ ಹೊಸಾ ಕ್ಯಾಮನ್ನೂ ತಿಂತಾವ," ಎಂದು ಹೋಗುವಾಗ ಕೂಗಿ ಹೇಳಿದ.

ಗಡಹಿಂಗ್ಲಜದಿಂದ ಮನೆಯವರೆಗೆ ಮಾಣಿಕಬಾಯಿ ಸತ್ತ ಗಾಡಿಯ ಸ್ಟೇರಿಂಗ್ ಹಿಡಿದು ಹಗ್ಗದ ಹಿಂದೆ ಬಂದಳು. ಪಿಕಪ್ಪಿನವನು ಬ್ರೇಕ್ ಒತ್ತಿದಾಗಲೆಲ್ಲ ತಾನೂ ಒತ್ತಬೇಕು, ಇಲ್ಲದಿದ್ದರೆ ಹೋಗಿ ಅವನ ಬೆನ್ನಿಗೆ ಗುದ್ದಬೇಕು. ಒಂದೊಂದು ಬ್ರೇಕಿಗೂ ಅವನಿಗೆ ಒಂದೊಂದು ಬೈಗಳ. ಅವನಿಗೆ ಕೇಳಿಸುತ್ತಿರಲಿಲ್ಲ, ಆದರೂ ಬೈದಳು.

ಕಾಗಲ ಹತ್ತಿರವಾದಾಗ ಎಡಬಲ ನೋಡಲಿಲ್ಲ. ಅಲ್ಲಿಂದ ಒಳಕ್ಕೆ ಹೋದರೆ ಸುಳಕೂಡ, ಆಕೆ ಹುಟ್ಟಿದ ಊರು. ಅಪ್ಪ ಹೊಲದಲ್ಲಿ ಕಬ್ಬಿಗಿಂತ ಮೆಣಸಿನಗಿಡವನ್ನೇ ಹೆಚ್ಚು ಪ್ರೀತಿ ಮಾಡುತ್ತಿದ್ದ. ಮೂರನೇ ಇಯತ್ತೆಗೆ ಸಾಲೆ ಬಿಡಿಸಿ ಮೆಣಸಿನಕಾಯಿ ತೊಟ್ಟು ಮುರಿಯಲು ಕೂಡಿಸಿದ. ಕಾಯಿ ಮೂಸಿ ನೋಡಿ ಅದರ ಖಾರ ಹೇಳುವಷ್ಟು ವಿದ್ಯೆ ಅಲ್ಲೇ ಬಂತು. ಮದುವೆಯಾಗಿ ಶಹಾಪುರಕ್ಕೆ ಬಂದಾಗ ಕುಂಥುನಾಥ ಚಡ್ಡಿ ಹಾಕುವ ಹುಡುಗ. ಅವನಿಗೆ ಸ್ನಾನ ಮಾಡಿಸಿದ್ದು, ಜ್ವರದಲ್ಲಿ ಎತ್ತಿಕೊಂಡು ತಿರುಗಿದ್ದು ಈ ವೈನಿಯೇ. ಗಂಡ ಧರಣೇಂದ್ರ ಬಟ್ಟೆಯ ಗಂಟು ಸಾಗಿಸುವ ಟೆಂಪೋ ಹೊಡೆಯುತ್ತಿದ್ದ. ಮಾತು ಕಡಿಮೆ, ನಗು ಹೆಚ್ಚು. ಒಂದು ಸಂಜೆ, ತಮಾಷೆಗೆಂದು, ಹೆಂಡತಿಯನ್ನು ಖಾಲಿ ಮೈದಾನದಲ್ಲಿ ಡ್ರೈವರ್ ಸೀಟಿನಲ್ಲಿ ಕೂಡಿಸಿದ. ಆಕೆ ಅಲ್ಲಿಂದ ಏಳಲಿಲ್ಲ. ಲೈಸೆನ್ಸಿಗೆಂದು ಕೊಲ್ಲಾಪುರಕ್ಕೆ ಹೋದಾಗ ಸಾಲಿನಲ್ಲಿದ್ದ ಪಡ್ಡೆಯೊಬ್ಬ "ಕಾಕೂ, ಇದು ರೇಶನ್ನಿನ ಪಾಳಿ ಅಲ್ಲರೀ" ಎಂದಿದ್ದ. ಆ ದಿನ ಪರೀಕ್ಷೆಯಲ್ಲಿ ಗಾಡಿ ಬಂದ್ ಬಿದ್ದದ್ದು ಅವನದೇ. ಮಾಣಿಕಬಾಯಿ ಅವನ ಮುಂದೆ ನಿಂತು ಮನಸ್ಸು ತುಂಬುವಷ್ಟು ನಕ್ಕು ಬಂದಿದ್ದಳು.

ಗಂಡ ಹೋದ ಮೇಲೆ ಆಕೆ ಮಸಾಲೆ ಖಾರದ ಪುಡಿ ಮಾಡತೊಡಗಿದಳು. ಕೊಲ್ಲಾಪುರದ ಕಡೆ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಮಸಾಲೆಯೇ ಸಿಗದು. ಜೈನರ ಮನೆಗಳಿಗೆ ಅವೆರಡೂ ವರ್ಜ್ಯ. ಮಾಣಿಕಬಾಯಿಯ ಖಾರದಲ್ಲಿ ಅವಿಲ್ಲ, ಆದರೂ ಕಣ್ಣಲ್ಲಿ ನೀರು ಬರುತ್ತದೆ. ಗಡಹಿಂಗ್ಲಜದಲ್ಲಿ ಕಾಯಿ ತಾನೇ ಆರಿಸಿ ತರುವುದು, ಇಚಲಕರಂಜಿಯಲ್ಲಿ ಹುರಿದು ಕುಟ್ಟುವುದು, ಕೊಲ್ಲಾಪುರದ ಅಂಗಡಿಗಳಿಗೆ ಹಾಕುವುದು. ಈ ಮೂರು ಊರುಗಳನ್ನು ಹೊಲಿದು ಕೂಡಿಸಿದ್ದು ಆ ವ್ಯಾನು. ಅದು ಹೋದರೆ ಖಾರವೂ ಹೋಯಿತು, ರಸ್ತೆಯೂ ಹೋಯಿತು. ಉಳಿಯುವುದು ಶೆಡ್ಡಿನ ಮೂಲೆ, ಮೈದುನನ ಕೈಕೆಳಗೆ ಕಾಂಡಿ ಮಶಿನ್ನು. ಚಡ್ಡಿ ತೊಡಿಸಿದವಳಿಗೆ ಅವನು ಕೆಲಸದ ಪಾಳಿ ಹಚ್ಚಿ ಕೊಡುವುದು! ಹಗ್ಗ ಬಿಗಿಯಾಗಿ ವ್ಯಾನು ಜಗ್ಗಿತು. "ನಿನ್ನ ಹೆಣಾ ಎತ್ಲಿ, ಸಾವಕಾಶ ಹೊಡ್ಯೋ!" ಎಂದು ಪಿಕಪ್ಪಿನವನಿಗೆ ಕೂಗಿದಳು.

ದತ್ತಾನ ಗ್ಯಾರೇಜು ಓಣಿಯ ತುದಿಯಲ್ಲಿ. ದತ್ತಾ ಸುಳಕೂಡದ ಕುರಿಯವರ ಮನೆಯ ಹುಡುಗ. ತಂದೆ ಇನ್ನೂ ಕುರಿ ಕಾಯುತ್ತಾನೆ. ಊರಿನ ಮಗಳೆಂದು ಮಾಣಿಕಬಾಯಿಗೆ ಅತ್ತಿ ಅನ್ನುತ್ತಾನೆ. ಅವನು ವ್ಯಾನಿನ ಮುಖ ನೋಡಿದ, ಆಮೇಲೆ ಅತ್ತಿಯ ಮುಖ ನೋಡಿದ. ಈಗ ಕಿವಿ ಕೆಂಪಾಗಿದ್ದವು.

"ಸ್ಲೋದಾಗ ಬಿಟ್ರ ಕ್ಯಾಮ್ ಕೆಡತೈತಿ ಅಂತ ನಿಂಗ ಗೊತ್ತಿತ್ತೋ, ಇಲ್ಲೋ?"

ದತ್ತಾ ಕೈಯ ಎಣ್ಣೆ ಒರೆಸುತ್ತ ನಿಂತ.

"ಬಾಯಿ ಬಿಡು."

"ಗೊತ್ತಿತ್ರಿ ಅತ್ತಿ."

"ಮತ್ತ? ಬಾಯಾಗ ಪೇಢಾ ಇತ್ತೇನು?"

"ತಾತ್ಯಾಸಾಹೇಬ್ರು ಆರತಿ ಹಿಡಕೊಂಡು ನಿಂತಿದ್ರು. ಅವರ ಮುಂದ ರೇಸ್ ಕೊಟ್ಟು ಹೊಗಿ ಬಿಡಲೇನ್ರಿ? ಅವರ ಎಲ್ಲಾ ಗಾಡಿ ನನ್ನ ಕಡೇನ ಬರತಾವ."

"ಅದು ಆ ದಿನಾ. ಆಮ್ಯಾಲ? ಹೆಂಗಸು ಕೆಡಿಸಿದ್ಲು, ಹೆಂಗಸು ಕೆಡಿಸಿದ್ಲು ಅಂತ ಓಣಿ ತುಂಬ ಡಂಗುರ ಹೊಡದ್ರಲ್ಲ, ಆವಾಗೂ ಆರತಿ ನಡದಿತ್ತೇನು? ದಿನಾ ನನ್ನ ಮನಿ ಮುಂದ ಹಾಯ್ದು ಹೊಕ್ಕಿದ್ದಿ. ಚಹಾ ಕುಡದು ಹೊಕ್ಕಿದ್ದಿ. ನಮ್ಮೂರ ಹುಡುಗ, ನಮ್ಮೂರ ಹುಡುಗ ಅಂತ ಬಿಸ್ಕೀಟ ಇಡತಿದ್ನಿ ನಿನ್ನ ಮುಂದ!"

ದತ್ತಾ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದಕ್ಕೂ ಆಕೆಗೆ ಸಿಟ್ಟು ಬಂತು. ಹೊರಳಿ ಜಗಳಾಡಿದ್ದರೆ ಎರಡು ಬಾರಿಸಬಹುದಿತ್ತು.

"ನೀನ ಹಾಕಬೇಕು. ಇದ ಓಣ್ಯಾಗ ಹಾಕಬೇಕು. ಯಾರು ಬರ್ಲಿ, ಇಂದ್ರ ಬರ್ಲಿ, ರೇಸ್ ಇಳೀಬಾರ್ದು. ತಿಳೀತೋ?"

"ತಿಳೀತ್ರಿ."

ಮರುದಿನ ಬಸ್ಸಿಗೆ ಕೊಲ್ಲಾಪುರಕ್ಕೆ ಹೋದಳು. ಅಲ್ಲಿನ ಶಾಹೂಪುರಿಯ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಮರಾಠಿಯಲ್ಲಿ ಮಿಸ್ತ್ರಿಯನ್ನೇ ಕಳಿಸಿ ಎಂದ. ಮಾಣಿಕಬಾಯಿ ಮರಾಠಿಯಲ್ಲಿ, ಮಿಸ್ತ್ರಿಗೆ ಬಾಯಿಲ್ಲ, ಅದಕ್ಕೇ ನಾನು ಬಂದೆ ಎಂದಳು. ಪೆಟ್ಟಿಗೆ ಬಿಚ್ಚಿಸಿ ಕ್ಯಾಮಿನ ಒಂದೊಂದು ಉಬ್ಬಿನ ಮೇಲೂ ಹೆಬ್ಬೆರಳು ಎಳೆದು ನೋಡಿದಳು, ಮೆಣಸಿನಕಾಯಿಯ ಮೈ ನೋಡುವ ಹಾಗೆ. ರಾಕರ್ ತೆಗೆದುಕೊಂಡಳು, ಮೊದಲ ಸಲ ಸವರುವ ಕಪ್ಪು ಪೇಸ್ಟಿನ ಟ್ಯೂಬು ತೆಗೆದುಕೊಂಡಳು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಕಂಡಕ್ಟರು ಮೇಲೆ ಇಡ್ರಿ ಎಂದಾಗ ಅವನನ್ನೂ ಬಿಡಲಿಲ್ಲ.

ದತ್ತಾ ಗಾಡಿ ಸಿದ್ಧ ಮಾಡಿದ್ದು ಮಗ್ಗಗಳ ವಾರದ ರಜೆಯ ದಿನ. ಆ ದಿನ ಶಹಾಪುರ ಬೇರೆಯೇ ಊರಾಗಿರುತ್ತದೆ. ಹಗಲೂ ರಾತ್ರಿ ಖಟಾಖಟ್ ಬಡಿಯುವ ಶೆಡ್ಡುಗಳು ಬಾಯಿ ಮುಚ್ಚಿರುತ್ತವೆ. ಗಂಡಸರು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ವ್ಯಾನನ್ನು ನೂಕಿಕೊಂಡು ಓಣಿಯ ನಡುವೆ ತಂದು ನಿಲ್ಲಿಸಿದಾಗ ಎಲ್ಲರಿಗೂ ಪುಕ್ಕಟೆ ಆಟ ಸಿಕ್ಕಂತಾಯಿತು.

ಸೀಟು ಎತ್ತಿಯೇ ಇತ್ತು, ಎಂಜಿನ್ನಿನ ಮೇಲೆ ದತ್ತಾನ ಕಣ್ಣು ಇರಬೇಕಲ್ಲ. ಹಾಗಾಗಿ ಕುಳಿತು ಕಾಲಿನಿಂದ ಒತ್ತುವಂತಿರಲಿಲ್ಲ. ಮಾಣಿಕಬಾಯಿ ವ್ಯಾನಿನ ಬಾಗಿಲ ಬಳಿ ನೆಲಕ್ಕೆ ಮೊಣಕಾಲೂರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಆಕ್ಸಿಲರೇಟರಿನ ಮೇಲಿಟ್ಟಳು. ಕಾರ್ಬುರೇಟರಿಗೆ ಪೆಟ್ರೋಲು ತುಂಬಿಸಿ, ಎಣ್ಣೆ ಇನ್ನೊಮ್ಮೆ ನೋಡಿ, ದತ್ತಾ ಹೇಳಿದ: "ಒಂದ ಕೀಲಿಗೆ ಹತ್ತಬೇಕ್ರಿ ಅತ್ತಿ. ಹತ್ತಿದ ಕೂಡ್ಲೆ ನಾ ಕೈ ಮಾಡಿದಷ್ಟು ಒತ್ರಿ. ಒಂದೀಟು ಹೆಚ್ಚು, ಒಂದೀಟು ಕಡಿಮಿ ಆಡಸ್ರಿ. ಪೂರಾ ಮಾತ್ರ ಬಿಡಬ್ಯಾಡ್ರಿ."

ದತ್ತಾ ಕೀಲಿ ತಿರುಗಿಸಿದ. ಎಂಜಿನ್ನು ಒಂದೇ ಸಲಕ್ಕೆ ಹತ್ತಿತು. ಮಾಣಿಕಬಾಯಿ ಒತ್ತಿದಳು. ವ್ಯಾನು ಅರಚಿತು, ಹಿಂದಿನಿಂದ ನೀಲಿ ಹೊಗೆ ಎದ್ದಿತು. ಚೀಲಗಳಿಂದ ಉದುರಿದ್ದ ಖಾರದ ಧೂಳೂ ಎದ್ದು, ಕಟ್ಟೆಯ ಮೇಲಿದ್ದವರು ಒಬ್ಬರ ಹಿಂದೆ ಒಬ್ಬರು ಸೀನತೊಡಗಿದರು.

ಎದುರು ಮನೆಯ ಯಮುನವ್ವ ಕಿವಿ ಮುಚ್ಚಿಕೊಂಡು ಬಂದಳು. "ಏ ಮಾಣಿಕಾ! ವಾರಕ್ಕ ಒಂದ ದಿನಾ ಕಣ್ಣ ಮುಚ್ಚತೇವಿ, ಅದಕೂ ಕಲ್ಲ ಹಾಕಿದ್ಯಲ್ಲ! ಬಂದ್ ಮಾಡ ಅದನ್ನ!"

"ನಿನ್ನ ಮಗನ ಮಗ್ಗ ನನ್ನ ತಲಿಗಿಂಬಿನ ಮಗ್ಗಲಕ್ಕ ಬಡೀತಾವ, ಹಗಲೂ ರಾತ್ರಿ! ಎಂದರೆ ಬಂದು ಕೇಳೇನೇನ? ಇಪ್ಪತ್ತ ಮಿನಿಟು ತಡಕೊಳ್ಳಾಕ ನಿನಗ ಬ್ಯಾನಿ ಬಂದಾವೇನ?"

"ಒಳ್ಳೇ ಮಾತಿಲೆ ಹೇಳಿದ್ರ—"

"ಒಳ್ಳೇ ಮಾತು ಗುಡ್ಯಾಗ ಆಡೋಣು! ಹೋಗ ಒಳಗ!"

ಯಮುನವ್ವ ಒಳಗೆ ಹೋಗಲಿಲ್ಲ, ಕಟ್ಟೆ ಹತ್ತಿ ನೋಡುತ್ತ ನಿಂತಳು. ಮಾಣಿಕಬಾಯಿಯ ಅಂಗೈ ಉರಿಯುತ್ತಿತ್ತು, ಮೊಣಕಾಲಿನ ಚಿಪ್ಪು ಕಲ್ಲಿಗೆ ಒತ್ತುತ್ತಿತ್ತು. ದತ್ತಾ ಎಂಜಿನ್ನಿಗೆ ಕಿವಿಕೊಟ್ಟು ಕೈಯಿಂದ ಸನ್ನೆ ಮಾಡುತ್ತಿದ್ದ. ಇಪ್ಪತ್ತು ನಿಮಿಷದಲ್ಲಿ ಇನ್ನೂ ಅರ್ಧವೂ ಆಗಿರಲಿಲ್ಲ. ಆಗ ಓಣಿಯ ತಿರುವಿನಲ್ಲಿ ಕುಂಥುನಾಥ ಕಾಣಿಸಿದ. ಕೈಯಲ್ಲಿ ಆರತಿಯ ತಟ್ಟೆ. ಪಕ್ಕದಲ್ಲಿ ತಾತ್ಯಾಸಾಹೇಬರು, ತೆಂಗಿನಕಾಯಿ ಹಿಡಿದುಕೊಂಡು.

"ಹೇಳದ ಕೇಳದ ಚಾಲೂ ಮಾಡಿದ್ರ್ಯಾ ವೈನಿ?" ಕುಂಥುನಾಥ ಗದ್ದಲದ ಮೇಲೆ ಕೂಗಿದ. "ತಾತ್ಯಾಸಾಹೇಬ್ರು ಬಂದಾರ. ಸಾವಕಾಶ ಮಾಡ್ರಿ, ಆರತಿ ಆಗಲಿ!"

"ಆಮ್ಯಾಲ!"

"ಆಮ್ಯಾಲಂದ್ರ? ಹಿರೇರು ನಿಂತಾರ ಇಲ್ಲಿ!"

"ಕುಂದ್ರಾಕ ಖುರ್ಚಿ ಹಾಕ! ನಾ ಏನ ನಿಂದ್ರ ಅಂದೇನೇನ?"

ತಾತ್ಯಾಸಾಹೇಬರು ಇಷ್ಟು ವರ್ಷದಲ್ಲಿ ಇಂಥ ಮಾತು ಕೇಳಿದವರಲ್ಲ. ತಟ್ಟೆಯ ಮೇಲಿನ ದೀಪ ಹೊಗೆಗೆ ಆರಿತು. "ಅಗ ಮಾಣಿಕಬಾಯಿ," ಎಂದರು ನಿಧಾನಕ್ಕೆ, "ಹೊಸಾ ಮಶೀನಿಗೆ ಇಷ್ಟ ಅವಸರ ಮಾಡಬಾರ್ದವ್ವ. ಪಹಿಲೆ ಹಳೂ, ಮಗ ಜೋರಾತ್. ಮೊದಲ ಸಾವಕಾಶ, ಆಮ್ಯಾಲ ಜೋರು. ನಾ ನೂರಾರು ಮಗ್ಗ ಚಾಲೂ ಮಾಡೇನಿ."

"ಇದು ಮಗ್ಗ ಅಲ್ರಿ ತಾತ್ಯಾ! ಮಗ್ಗ ಅಂದ್ಕೊಂಡ ಹ್ವಾದಸಲ ಇದರ ಜೀಂವ ತಗದೀರಿ!"

ಓಣಿ ಸೀನುವುದನ್ನೂ ಮರೆತುಬಿಟ್ಟಿತು. ಕುಂಥುನಾಥನ ಮುಖ ಬಿಳಿಚಿ, ಆಮೇಲೆ ಕಪ್ಪಾಯಿತು. ಎಲ್ಲರೆದುರು ವೈನಿ ಹಿರಿಯರ ಮೇಲೆ ಹಾಕಿದ ಈ ಮಾತನ್ನು ನಿಲ್ಲಿಸಲು ಅವನಿಗೆ ಒಂದೇ ದಾರಿ ಹೊಳೆಯಿತು. ತಟ್ಟೆಯನ್ನು ವ್ಯಾನಿನ ಮೇಲಿಟ್ಟು, ಇನ್ನೊಂದು ಬಾಗಿಲಿನಿಂದ ಒಳಗೆ ಬಾಗಿ ಕೀಲಿಗೆ ಕೈ ಹಾಕಿದ. ಮಾಣಿಕಬಾಯಿಯ ಕೈ ಎರಡೂ ಆಕ್ಸಿಲರೇಟರಿನ ಮೇಲೆ. ತೆಗೆದರೆ ಎಂಜಿನ್ನು ಇಳಿಯುತ್ತದೆ, ತೆಗೆಯದಿದ್ದರೆ ಅವನು ಆರಿಸುತ್ತಾನೆ. ಆಕೆ ಮುಂದಕ್ಕೆ ಬಾಗಿ ತನ್ನ ತಲೆಯನ್ನೇ ಅವನ ಕೈಗೂ ಕೀಲಿಗೂ ನಡುವೆ ತುರುಕಿದಳು.

"ಬಾ! ನನ್ನ ಕೂದಲಾ ಹಿಡದು ಜಗ್ಗು! ಓಣಿ ನೋಡ್ಲಿ!"

ಅಷ್ಟರಲ್ಲಿ ದತ್ತಾ ಹಾರಿ ಬಂದು ಕುಂಥುನಾಥನ ಮಣಿಕಟ್ಟು ಹಿಡಿದ. ಎಂಜಿನ್ನಿನ ಚಿಂತೆಯೊಂದನ್ನು ಬಿಟ್ಟರೆ ಅವನ ತಲೆಯಲ್ಲಿ ಆಗ ಬೇರೇನೂ ಇರಲಿಲ್ಲ. "ಬಿಡ್ರಿ ಶೇಟ್! ಈಗ ಇಳಿಸಿದ್ರ ಹ್ವಾದಸಲ ಆರತ್ಯಾಗ ಕೆಟ್ಟಂಗ ಇದೂ ಕೆಡತೈತಿ!"

ಗದ್ದಲದ ಮೇಲೆ ಕೇಳಲೆಂದು ಅವನು ಗಂಟಲು ಹರಿಯುವಂತೆ ಕೂಗಿದ್ದ. ಯಮುನವ್ವನ ಕಟ್ಟೆಯವರೆಗೂ ಕೇಳಿಸಿತು. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ದತ್ತಾನಿಗೆ ಗೊತ್ತಾಯಿತು. ತಾತ್ಯಾಸಾಹೇಬರ ಕಡೆ ನೋಡಿದ, ನೋಡಿ ಕಣ್ಣು ತಗ್ಗಿಸಿದ. ಆದರೆ ಕುಂಥುನಾಥನ ಕೈಯನ್ನು ಬಿಡಲಿಲ್ಲ.

"ಅಂದ್ರ ಗಾಡಿ ಕೆಡಿಸಿದ್ದು ಮಾಣಿಕಾ ಅಲ್ಲಾ?" ಎಂದಳು ಯಮುನವ್ವ ಮೇಲಿನಿಂದ.

ಕುಂಥುನಾಥ ಕೈ ಬಿಡಿಸಿಕೊಂಡು ಹಿಂದೆ ಸರಿದ. ಉಳಿದ ಹೊತ್ತು ಓಣಿಯಲ್ಲಿ ಎಂಜಿನ್ನೊಂದೇ ಮಾತಾಡಿತು. ಮಾಣಿಕಬಾಯಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಹೊಗೆಗೋ ಖಾರಕ್ಕೋ, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಸಾಕ್ರಿ ಅತ್ತಿ," ಎಂದು ದತ್ತಾ ಕೀಲಿ ತಿರುಗಿಸಿದಾಗ ಆಕೆಯ ಬೆರಳುಗಳು ನೆಟ್ಟಗಾಗಲೇ ಇಲ್ಲ. ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ದತ್ತಾ ಬಿಸಿ ಎಣ್ಣೆ ಇಳಿಸಿ ಹೊಸ ಎಣ್ಣೆ ಹಾಕಿದ. ಎಂಜಿನ್ನು ಆರಿದ ಮೇಲೆ ಮುಚ್ಚಳ ಬಿಚ್ಚಿದ. ಅಷ್ಟು ಹೊತ್ತೂ ಯಾರೂ ಕದಲಲಿಲ್ಲ. ಕ್ಯಾಮಿನ ಉಬ್ಬುಗಳೆಲ್ಲ ಒಂದೇ ಸಮನೆ ಹೊಳೆಯುತ್ತಿದ್ದವು. ಎಲ್ಲೂ ಗೀರಿಲ್ಲ. ಮಾಣಿಕಬಾಯಿ ದತ್ತಾನಿಂದ ಬ್ಯಾಟರಿ ದೀಪ ಇಸಿದುಕೊಂಡು ಮೈದುನನ ಕೈಗೆ ಕೊಟ್ಟಳು. "ನೋಡು."

ಕುಂಥುನಾಥ ನೋಡಿದ. ಕೆಮ್ಮಿದ. "ಹಾಂ. ಈ ಸಲದ ಮಾಲು ಚಲೋ ಐತಿ. ಹ್ವಾದಸಲದ್ದು ಡುಪ್ಲಿಕೇಟ ಇದ್ದಿರಬೇಕು."

"ನಾ ಅಲ್ಲೇ ನಿಂತು ಮನಸಿನ್ಯಾಗ ನಮೋಕಾರ ಮಂತ್ರ ಅಂದ್ನಿ," ಎಂದರು ತಾತ್ಯಾಸಾಹೇಬರು, ಒಡೆಯದ ಕಾಯಿಯನ್ನು ಸವರುತ್ತ. "ಅದಕ್ಕ ಪಾರಾತು."

ಮಾಣಿಕಬಾಯಿಗೆ ಒಂದು ಕ್ಷಣ ಆ ಕಾಯಿಯನ್ನು ಕಸಿದು ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯಬೇಕೆನಿಸಿತು. ಮೈದುನನ ಕಡೆ ತಿರುಗಿದಳು. "ಕುಂಥೂ, ತಪ್ಪಾತು ಅನ್ನು. ಒಂದ ಸಲ. ಹೆಂಗಸು ಕೆಡಿಸಿದ್ಲು ಅಂತ ಯಾರ ಮುಂದ ಅಂದಿದ್ದಿ, ಅವರೆಲ್ಲ ಇಲ್ಲೇ ಅದಾರ. ಅವರಿಗೆ ಕೇಳೂ ಹಂಗ ಅನ್ನು."

"ಅಯ್ಯ ವೈನಿ, ಮನೀ ಮನೀಯವರಾಗ ಏನ್ರಿ ತಪ್ಪು ಗಿಪ್ಪು..." ಅವನು ನಗಲು ನೋಡಿದ. "ಗಾಡಿ ಚಲೋ ಆತಲ್ಲ, ಮುಗೀತು. ಹಾಂ, ನಾಳೆ ನಮ್ಮ ನೂಲಿನ ಗಂಟು ಒಂದೆಲ್ಡು ತರೂದಿತ್ತು, ನೀವು ಹೆಂಗೂ ಆ ಕಡೆ..."

ಆಕೆ ವ್ಯಾನಿನ ಮೇಲಿದ್ದ ಆರತಿಯ ತಟ್ಟೆಯನ್ನು ತೆಗೆದು ಅವನ ಕೈಗೆ ಕೊಟ್ಟಳು. ದತ್ತಾ ಮುಚ್ಚಳ ಬಿಗಿದು ಸೀಟು ಇಳಿಸಿದ ಕೂಡಲೇ ಹತ್ತಿ ಕುಳಿತಳು. ಗಡಹಿಂಗ್ಲಜದ ಪೇಟೆಯಲ್ಲಿ ಇಳಿಸಿಟ್ಟು ಬಂದ ಮೆಣಸಿನಕಾಯಿ ಇನ್ನೂ ಅಲ್ಲೇ ಇತ್ತು.

"ಅತ್ತಿ," ದತ್ತಾ ಕಿಟಕಿಯ ಹತ್ತಿರ ಬಂದ. "ಒಂದ ನಾಕ ದಿನಾ ಐವತ್ತರ ಮ್ಯಾಲ ಹೋಗಬ್ಯಾಡ್ರಿ. ಭಾಳ ವಜ್ಜಾನೂ ಹಾಕಬ್ಯಾಡ್ರಿ. ಮತ್ತ... ನಾ ಅವತ್ತ ಹೇಳಬೇಕಿತ್ರಿ."

"ಹೇಳಬೇಕಿತ್ತು," ಎಂದಳು ಮಾಣಿಕಬಾಯಿ. ಇಷ್ಟೇ ಹೇಳಿ ಗೇರು ಹಾಕಿದಳು. ಕೈ ಹೆದರಲಿಲ್ಲ.

ಹೆದ್ದಾರಿಗೆ ಬಂದಾಗ ಕಾಲು ಒತ್ತು ಒತ್ತು ಅನ್ನುತ್ತಿತ್ತು. ಒಳಗೆ ಇದ್ದ ಸಿಟ್ಟನ್ನೆಲ್ಲ ಹಾಕಿ ಒತ್ತಿದ್ದರೆ ವ್ಯಾನು ನಿಪ್ಪಾಣಿಯ ತನಕ ಹಾರಿಹೋಗುತ್ತಿತ್ತು. ಒತ್ತಲಿಲ್ಲ. ಲಾರಿಗಳು ಹಾರ್ನು ಹೊಡೆಯುತ್ತ ದಾಟಿದವು, ಒಂದೊಂದಕ್ಕೂ ಕಿಟಕಿಯಿಂದ ಕೈ ಹೊರಗೆ ಚಾಚಿ ಬೈದಳು. ಕಡೆಗೆ ಕಬ್ಬಿನ ಖಾಲಿ ಟ್ರಾಲಿ ಎಳೆಯುತ್ತಿದ್ದ ಟ್ರ್ಯಾಕ್ಟರೊಂದು ಪಕ್ಕಕ್ಕೆ ಬಂತು. ಅದರ ಡ್ರೈವರು ಹಲ್ಲು ಕಿರಿದು, "ಕಾಯ್ ಆಜೀ, ಝೋಪಲಾ ಕಾಯ್?" ಎಂದ.

"ನಿದ್ದಿ ನಿಮ್ಮಪ್ಪಗ ಬಂದಿರಬೇಕು!" ಎಂದು ಕೂಗಿದಳು ಮಾಣಿಕಬಾಯಿ. "ಹೊಸಾ ಕ್ಯಾಮ್ ಐತಿ! ಹೋಗ ಮುಂದ, ಹೋಗ! ನಿಂಗ ಬೇಕಾದಾಗ ಒತ್ತಾಕ, ನಿಂಗ ಬೇಕಾದಾಗ ಬಿಡಾಕ, ನಿಂದೇನ ಗಾಡಿ ಇದು?"